ಬೆನ್ನಿನ ಸ್ನಾಯುವನ್ನು ಹೃದಯದ ಕೆಲಸಕ್ಕೆ ಪಳಗಿಸುವುದು: ಯಾವ ದಾರಿ, ಯಾಕೆ?

ಕಂಕುಳ ಹಿಂಭಾಗದಲ್ಲಿ ದಪ್ಪಗೆ ಸಿಗುವ ಮಡಿಕೆಯನ್ನು ಬೆರಳುಗಳ ನಡುವೆ ಹಿಡಿದುಕೊಂಡು ಒಮ್ಮೆ ಜೋರಾಗಿ ಕೆಮ್ಮಿ. ಕೈಯೊಳಗೆ ಗಟ್ಟಿಯಾಗಿ ಏನೋ ಬಿಗಿಯಿತು ಅಲ್ವಾ? ಅದು ಲ್ಯಾಟಿಸ್ಸಿಮಸ್ ಡಾರ್ಸಿ ಎಂಬ ಸ್ನಾಯು. ಸೊಂಟದಿಂದ ಹೊರಟು, ಬೆನ್ನಿನ ಕೆಳಭಾಗವನ್ನೆಲ್ಲ ಆವರಿಸಿ, ತೋಳಿನ ಮೂಳೆಗೆ ಹೋಗಿ ಸೇರುತ್ತದೆ. ಬಾವಿಯಿಂದ ನೀರು ಸೇದುವಾಗ, ಮೂಟೆ ಎಳೆಯುವಾಗ ದುಡಿಯುವುದು ಇದೇ. ಅಗಲವಾಗಿದೆ, ತೆಳುವಾಗಿದೆ, ಒಂದೇ ಮುಖ್ಯ ರಕ್ತನಾಳ ಮತ್ತು ಒಂದೇ ನರದ ಮೇಲೆ ನಿಂತಿದೆ. ಒಂದು ಕಡೆಯದನ್ನು ತೆಗೆದರೂ ಮನುಷ್ಯ ತನ್ನ ದಿನದ ಕೆಲಸ ಮಾಡಿಕೊಂಡು ಹೋಗಬಲ್ಲ. ಅದಕ್ಕೇ ಹೃದಯಕ್ಕೆ ಊರುಗೋಲು ಹುಡುಕುತ್ತಿದ್ದ ಸರ್ಜನ್‌ಗಳ ಕಣ್ಣು ಇದರ ಮೇಲೆ ಬಿತ್ತು.

1985ರಲ್ಲಿ ಪ್ಯಾರಿಸ್‌ನಲ್ಲಿ ಅಲೈನ್ ಕಾರ್ಪೆಂಟಿಯೆ ಮತ್ತು ಹುವಾನ್ ಕಾರ್ಲೋಸ್ ಶಾಶ್ಕೆಸ್ ಇದನ್ನು ಮನುಷ್ಯರಲ್ಲಿ ಮಾಡಿ ತೋರಿಸಿದರು. ಬೆನ್ನಿನ ಎಡಭಾಗದ ಸ್ನಾಯುವನ್ನು ಅದರ ನರ, ರಕ್ತನಾಳ ಕಡಿಯದಂತೆ ಬಿಡಿಸಿದರು. ಮೇಲಿನ ಪಕ್ಕೆಲುಬಿನ ಒಂದು ತುಂಡು ತೆಗೆದು, ಆ ಕಿಂಡಿಯಿಂದ ಸ್ನಾಯುವನ್ನು ಎದೆಯೊಳಗೆ ಇಳಿಸಿ ಹೃದಯಕ್ಕೆ ಸುತ್ತಿದರು. ಪೇಸ್‌ಮೇಕರ್ ತರಹದ ಸ್ಟಿಮ್ಯುಲೇಟರ್ ಒಂದು ಹೃದಯದ ಬಡಿತ ನೋಡಿಕೊಂಡು ಸ್ನಾಯುವಿಗೆ ಕರೆಂಟು ಕೊಡುತ್ತದೆ, ಸ್ನಾಯು ಹೃದಯವನ್ನು ಹಿಂಡುತ್ತದೆ. ಇದಕ್ಕೆ ಡೈನಾಮಿಕ್ ಕಾರ್ಡಿಯೋಮಯೋಪ್ಲಾಸ್ಟಿ ಎಂದು ಹೆಸರು. ಮುಂದಿನ ಹದಿನೈದು ವರ್ಷದಲ್ಲಿ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಜನರಿಗೆ ಇದು ಆಯಿತು.

ಕಲಬುರಗಿಯಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡುವ ನನಗೆ ಈ ವಿಷಯವನ್ನು ಎರಡು ಬಗೆಯ ಜನ ಕೇಳುತ್ತಾರೆ. ಒಬ್ಬರು ಸೆಮಿನಾರ್‌ಗೋ ಪ್ರಾಜೆಕ್ಟ್‌ಗೋ ವಿಷಯ ಹುಡುಕುವ ವಿದ್ಯಾರ್ಥಿಗಳು. ಸ್ನಾಯುವನ್ನು ಪಳಗಿಸಲು, ಅಂದರೆ ಕರೆಂಟು ಕೊಟ್ಟು ದಣಿಯದೆ ದುಡಿಯುವಂತೆ ರೂಢಿ ಮಾಡಿಸಲು, ಬೇರೆ ಬೇರೆ ವಿಧಾನ ಇವೆಯಲ್ಲ, ಯಾವುದು ಮೇಲು ಅನ್ನುವುದು ಅವರ ಪ್ರಶ್ನೆ. ಇನ್ನೊಬ್ಬರು ಮನೆಯಲ್ಲಿ ಹೃದಯದ ಕಾಯಿಲೆಯವರನ್ನು ಇಟ್ಟುಕೊಂಡವರು. "ಸರ್, ಬೆನ್ನಿನ ಮಾಂಸ ತಗದು ಹಾರ್ಟಿಗೆ ಹಾಕ್ತಾರಂತಲ್ರೀ, ನಮ್ಮ ಅಪ್ಪಾಜಿಗೆ ಆಗ್ತದೇನ್ರೀ?" ಎಂದು ಕೇಳುತ್ತಾರೆ. ಎರಡನೆಯವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇವತ್ತು ಈ ಆಪರೇಷನ್ ಹುಡುಕಿಕೊಂಡು ಊರೂರು ತಿರುಗಬೇಡಿ. ಇದಕ್ಕಿಂತ ಒಳ್ಳೆಯ ದಾರಿಗಳಿವೆ, ಅವನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ. ನೇರ ಅಲ್ಲಿಗೇ ಹೋಗಿ ಓದಿದರೂ ಸರಿ.

ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ ಮಾತು. ಸುಸ್ತಾಗದ ಸ್ನಾಯು ಬೇಕೆಂದರೆ ಅದರ ಬಲ ಮತ್ತು ವೇಗದಲ್ಲಿ ಒಂದು ಪಾಲು ಬಿಟ್ಟುಕೊಡಬೇಕು. ಎಲ್ಲ ವಿಧಾನಗಳ ನಡುವಿನ ವ್ಯತ್ಯಾಸವೂ ಎಷ್ಟು ಬಿಟ್ಟುಕೊಡುತ್ತೇವೆ ಅನ್ನುವುದರಲ್ಲೇ ಇದೆ.

ಸ್ನಾಯು ಯಾಕೆ ಸುಸ್ತಾಗುತ್ತದೆ, ಪಳಗಿಸಿದರೆ ಏನಾಗುತ್ತದೆ

ಹೃದಯ ನಿಮಿಷಕ್ಕೆ 72 ಸಲ ಬಡಿದರೂ ದಿನಕ್ಕೆ ಒಂದು ಲಕ್ಷ ದಾಟುತ್ತದೆ. ಭಾನುವಾರ ಇಲ್ಲ, ಹಬ್ಬ ಇಲ್ಲ. ಬೆನ್ನಿನ ಸ್ನಾಯುವನ್ನು ಹಾಗೇ ತಂದು ಈ ಕೆಲಸಕ್ಕೆ ಹಚ್ಚಿದರೆ ಕೆಲವೇ ನಿಮಿಷದಲ್ಲಿ ಕೈಚೆಲ್ಲುತ್ತದೆ. 1933ರಲ್ಲೇ ಫ್ರಾನ್ಸಿನ ಲೆರಿಶ್ ಹೃದಯಕ್ಕೆ ಸ್ನಾಯುವಿನ ತೇಪೆ ಹಾಕಿ ನೋಡಿದ್ದರು. 1959ರಲ್ಲಿ ಅಮೆರಿಕದ ಏಡ್ರಿಯನ್ ಕ್ಯಾಂಟ್ರೋವಿಟ್ಜ್ ನಾಯಿಯ ವಪೆಯನ್ನು, ಅಂದರೆ ಉಸಿರಾಟದ ಸ್ನಾಯುವನ್ನು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಧಮನಿಗೆ ಸುತ್ತಿ ಕರೆಂಟು ಕೊಟ್ಟರು. ಸ್ನಾಯು ಹಿಂಡಿತು, ಆದರೆ ಬೇಗ ದಣಿಯಿತು. ಇಡೀ ಯೋಜನೆ ಅಲ್ಲೇ ನಿಂತಿತು.

ದಾರಿ ತೆರೆದದ್ದು ಸರ್ಜನ್‌ಗಳಲ್ಲ, ಶರೀರಕ್ರಿಯಾಶಾಸ್ತ್ರದವರು. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. 1960ರಲ್ಲಿ ಬುಲ್ಲರ್ ಮತ್ತು ಎಕ್ಲಿಸ್ ತಂದೆ ಮಗಳು ಸೇರಿ ಬೆಕ್ಕಿನ ಕಾಲಿನಲ್ಲಿ ವೇಗದ (ಬೇಗ ಸೆಳೆದು ಬೇಗ ದಣಿಯುವ) ಸ್ನಾಯುವಿನ ನರವನ್ನು ನಿಧಾನದ (ನಿಧಾನ ಸೆಳೆದು ಬೇಗ ದಣಿಯದ) ಸ್ನಾಯುವಿಗೂ, ನಿಧಾನದ್ದನ್ನು ವೇಗದ್ದಕ್ಕೂ ಅದಲುಬದಲು ಮಾಡಿ ಜೋಡಿಸಿದರು. ಸ್ನಾಯುಗಳ ಗುಣವೂ ಅದಲುಬದಲಾಗತೊಡಗಿತು. 1969ರಲ್ಲಿ ಸ್ಟ್ಯಾನ್ಲಿ ಸಾಮನ್ಸ್ ಮತ್ತು ಗೆರ್ಟಾ ವರ್ಬೋವಾ ನರ ಬದಲಿಸುವ ಗೋಜಿಗೇ ಹೋಗಲಿಲ್ಲ. ಮೊಲದ ವೇಗದ ಸ್ನಾಯುವಿಗೆ ಸೆಕೆಂಡಿಗೆ ಹತ್ತು ಪಲ್ಸ್‌ನಂತೆ (ಪಲ್ಸ್ ಅಂದರೆ ಕರೆಂಟಿನ ಒಂದು ಮಿಡಿತ) ವಾರಗಟ್ಟಲೆ ಸಣ್ಣ ಕರೆಂಟು ಕೊಟ್ಟರು. ಅದು ನಿಧಾನದ ಸ್ನಾಯುವಾಗಿ ಬದಲಾಯಿತು. ಅಂದರೆ ಸ್ನಾಯುವಿನ ಸ್ವಭಾವ ಹುಟ್ಟಿನಿಂದ ಗಟ್ಟಿಯಾಗಿ ಬಂದದ್ದಲ್ಲ. ಯಾವ ಕೆಲಸ ಕೊಡುತ್ತೀರೋ ಹಾಗೆ ಅದು ಬದಲಾಗುತ್ತದೆ.

ಈ ಬದಲಾವಣೆ ಎಲ್ಲ ಒಟ್ಟಿಗೆ ಆಗುವುದಿಲ್ಲ, ಅದಕ್ಕೊಂದು ಸರದಿ ಇದೆ. ಮೊದಲು ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆಮೇಲೆ ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಹೆಚ್ಚಿ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಶಕ್ತಿ ಬೆಳೆಯುತ್ತದೆ. ಕ್ಯಾಲ್ಸಿಯಂ ಅನ್ನು ವೇಗವಾಗಿ ಎಳೆದುಕೊಳ್ಳುವ ಪಂಪುಗಳು ಕಡಿಮೆಯಾಗಿ ನಿಧಾನದ ಪಂಪುಗಳು ಬರುತ್ತವೆ. ಎಲ್ಲಕ್ಕಿಂತ ಕೊನೆಗೆ ಬದಲಾಗುವುದು ಎಳೆಯುವ ಪ್ರೋಟೀನು ಮಯೋಸಿನ್. ಅದೂ ಒಂದೇ ನೆಗೆತಕ್ಕಲ್ಲ. ಸ್ನಾಯುವಿನ ಬಹಳ ವೇಗದ ಎಳೆ ಮೊದಲು ಎರಡು-ಎ ಎಂಬ ನಡುವಿನ ಬಗೆಗೆ ಬರುತ್ತದೆ, ಅಲ್ಲಿಂದ ಒಂದನೇ ಬಗೆಯ ನಿಧಾನದ ಎಳೆಯಾಗುತ್ತದೆ. ಈ ನಡುವಿನ ನಿಲ್ದಾಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್ನೊಂದು ಮಾತು: ಕರೆಂಟು ನಿಲ್ಲಿಸಿದರೆ ವಾರಗಳಲ್ಲಿ ಸ್ನಾಯು ಹಳೆಯ ಸ್ವಭಾವಕ್ಕೆ ಮರಳುತ್ತದೆ. ಇದು ದೋಷವಲ್ಲ. ಮುಂದೆ ನೋಡಿದರೆ ಇದೇ ನಮಗೆ ಸಿಕ್ಕ ಅವಕಾಶ.

ಆಪರೇಷನ್‌ಗೆ ಮೊದಲೋ, ಆಮೇಲೋ?

ಮೊದಲ ಆಯ್ಕೆ ಇದು. ಸ್ನಾಯುವನ್ನು ಬೆನ್ನಿನಲ್ಲಿ ಇದ್ದಲ್ಲೇ ಪಳಗಿಸಿ ಆಮೇಲೆ ಹೃದಯಕ್ಕೆ ಸುತ್ತುವುದೋ, ಮೊದಲು ಸುತ್ತಿ ಆಮೇಲೆ ಪಳಗಿಸುವುದೋ?

ಮನುಷ್ಯರಲ್ಲಿ ಬಹುಪಾಲು ನಡೆದದ್ದು ಎರಡನೆಯದು. ಅದರ ಕ್ರಮ ಹೀಗಿತ್ತು. ಆಪರೇಷನ್ ಆದ ಮೊದಲ ಎರಡು ವಾರ ಕರೆಂಟೇ ಇಲ್ಲ, ಗಾಯ ಮಾಯಬೇಕು, ರಕ್ತಸಂಚಾರ ಸುಧಾರಿಸಬೇಕು. ಆಮೇಲೆ ಒಂದೊಂದೇ ಪಲ್ಸ್. ಕೆಲವು ವಾರಕ್ಕೊಮ್ಮೆ ಪಲ್ಸ್‌ಗಳನ್ನು ಹೆಚ್ಚಿಸುತ್ತಾ ಹೋಗುವುದು. ಸುಮಾರು ಮೂರು ತಿಂಗಳಿಗೆ 30 ಹರ್ಟ್ಝ್‌ನಲ್ಲಿ (ಸೆಕೆಂಡಿಗೆ 30ರ ವೇಗದಲ್ಲಿ) 6 ಪಲ್ಸ್‌ಗಳ ಒಂದು ಗುಚ್ಛ, ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ ಹೊತ್ತು. ನಮ್ಮ ಕಡೆ ಹೋರಿಯನ್ನು ಮೊದಲ ದಿನವೇ ನೇಗಿಲಿಗೆ ಹೂಡುವುದಿಲ್ಲ. ಮೊದಲು ಬರೀ ನೊಗ, ಆಮೇಲೆ ಹಳೆಯ ಎತ್ತಿನ ಜೋಡಿಯಲ್ಲಿ ಹಗುರ ಕುಂಟೆ, ಅದಾದ ಮೇಲೆ ನೇಗಿಲು. ಇದೂ ಹಾಗೇ.

ಈ ಕ್ರಮದ ಲಾಭ ಸ್ಪಷ್ಟ. ಒಂದೇ ಆಪರೇಷನ್ ಸಾಕು. ರೋಗಿಯ ಹೃದಯ ಮೊದಲೇ ಸೋತಿರುತ್ತದೆ, ಅಂಥವರಿಗೆ ಎರಡೆರಡು ಸಲ ಅರಿವಳಿಕೆ ಕೊಡುವುದು ಸಣ್ಣ ಮಾತಲ್ಲ. ಆದರೆ ನಷ್ಟವೂ ಅಷ್ಟೇ ದೊಡ್ಡದು. ಆಪರೇಷನ್ ಆದ ಮೊದಲ ಕೆಲವು ವಾರ ರೋಗಿಗೆ ಸಹಾಯ ಅತಿ ಹೆಚ್ಚು ಬೇಕು, ಆಗಲೇ ಸ್ನಾಯು ಸುಮ್ನೆ ಕೂತಿರುತ್ತದೆ. ತೀರಾ ಹಾಸಿಗೆ ಹಿಡಿದವರಲ್ಲಿ ಈ ಆಪರೇಷನ್ ಆದ ಮೇಲೆ ಸಾವು ಹೆಚ್ಚಿದ್ದಕ್ಕೆ ಇದೊಂದು ಕಾರಣ. ಅದಕ್ಕೇ ಆಮೇಲಾಮೇಲೆ ಸ್ವಲ್ಪ ಓಡಾಡಬಲ್ಲ ಮೂರನೇ ದರ್ಜೆಯ ರೋಗಿಗಳನ್ನು ಮಾತ್ರ ಆರಿಸತೊಡಗಿದರು.

ಮೊದಲೇ ಪಳಗಿಸುವುದರ ಪರವಾಗಿ ಮಾತಾಡಲು ರಕ್ತನಾಳಗಳನ್ನು ನೋಡಬೇಕು. ಈ ಸ್ನಾಯುವಿನ ಮೇಲ್ಭಾಗಕ್ಕೆ ಕಂಕುಳ ಕಡೆಯಿಂದ ಥೊರಾಕೋಡಾರ್ಸಲ್ ಧಮನಿ ರಕ್ತ ತರುತ್ತದೆ. ಕೆಳಭಾಗಕ್ಕೆ ಮಾತ್ರ ಪಕ್ಕೆಲುಬಿನ ಸಂದಿಯಿಂದ, ಸೊಂಟದ ಕಡೆಯಿಂದ ಬರುವ ಸಣ್ಣ ಸಣ್ಣ ನಾಳಗಳೇ ಆಧಾರ. ಸ್ನಾಯುವನ್ನು ಬಿಡಿಸುವಾಗ ಈ ಸಣ್ಣ ನಾಳಗಳನ್ನೆಲ್ಲ ಕಡಿಯಬೇಕಾಗುತ್ತದೆ. ಡಿಸೆಕ್ಷನ್ ಹಾಲ್‌ನಲ್ಲಿ ಬೆನ್ನು ಬಿಡಿಸಿದವರು ಅವು ಒಂದೊಂದಾಗಿ ದಾರದಂತೆ ಕಾಣಿಸಿಕೊಳ್ಳುವುದನ್ನು ನೋಡಿರುತ್ತೀರಿ. ಈಗ ಯೋಚಿಸಿ, ಹೃದಯದ ತುದಿಯವರೆಗೆ ಹೋಗಿ ಸುತ್ತುವ ಭಾಗ ಯಾವುದು? ಅದೇ ಕೆಳಭಾಗ. ಎಲ್ಲಕ್ಕಿಂತ ಜಾಸ್ತಿ ದುಡಿಯಬೇಕಾದ ಕಡೆಗೇ ರಕ್ತ ಕಮ್ಮಿ. ಪ್ರಾಣಿಗಳ ಪ್ರಯೋಗದಲ್ಲಿ ಆ ತುದಿ ಕೊರಗಿ, ಸ್ನಾಯು ಇರಬೇಕಾದ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಂಡದ್ದು ಮತ್ತೆ ಮತ್ತೆ ಕಂಡಿದೆ.

ಇದಕ್ಕೆ ಒಂದು ಉಪಾಯ ಇದೆ. ಎರಡು ವಾರ ಮೊದಲೇ ಸಣ್ಣ ಆಪರೇಷನ್ ಮಾಡಿ ಆ ಕೆಳಗಿನ ನಾಳಗಳನ್ನಷ್ಟೇ ಕಡಿದು, ಸ್ನಾಯುವನ್ನು ಅಲ್ಲೇ ಬಿಡುವುದು. ಆ ಹೊತ್ತಿನಲ್ಲಿ ಮೇಲಿನ ಧಮನಿಯ ಕವಲುಗಳು ಹಿಗ್ಗಿ ಕೆಳಗಿನವರೆಗೂ ರಕ್ತ ಮುಟ್ಟಿಸುವುದನ್ನು ಕಲಿಯುತ್ತವೆ. ಜೊತೆಗೆ ಹಗುರವಾದ ಕರೆಂಟನ್ನೂ ಕೊಟ್ಟರೆ ಸಣ್ಣ ರಕ್ತನಾಳ ಹೆಚ್ಚುತ್ತವೆ. ಎರಡೂ ಸೇರಿದರೆ ಸ್ನಾಯು ಎದೆಯೊಳಗೆ ಹೋಗುವ ಹೊತ್ತಿಗೆ ಅರ್ಧ ತಯಾರಾಗಿರುತ್ತದೆ.

ಆದರೆ ಇಲ್ಲೂ ತೊಡಕಿದೆ. ಒಮ್ಮೆ ಕೈ ಹಾಕಿದ ಜಾಗದಲ್ಲಿ ಅಂಟು ನಾರು ಬೆಳೆಯುತ್ತದೆ. ಎರಡನೇ ಸಲ ಬಿಡಿಸುವಾಗ ಸ್ನಾಯು ಮೊದಲಿನಷ್ಟು ಮೆತ್ತಗಿರುವುದಿಲ್ಲ, ಹೃದಯದ ಆಕಾರಕ್ಕೆ ಒಗ್ಗುವುದು ಕಷ್ಟ. ಇನ್ನೊಂದು ಸೂಕ್ಷ್ಮ ವಿಷಯ, ಪುಸ್ತಕಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ: ಎಳೆತ. ಬೆನ್ನಿನಲ್ಲಿದ್ದಾಗ ಸ್ನಾಯು ತನ್ನ ಸಹಜ ಉದ್ದದಲ್ಲಿ ಬಿಗಿಯಾಗಿರುತ್ತದೆ. ಬುಡದಿಂದ ಬಿಡಿಸಿದ ಕೂಡಲೇ ಮುದುಡುತ್ತದೆ. ಸಡಿಲ ಸ್ನಾಯುವಿಗೆ ಎಷ್ಟು ಕರೆಂಟು ಕೊಟ್ಟರೂ ಅದು ಸರಿಯಾಗಿ ಹಿಂಡದು, ದಿನ ಕಳೆದಂತೆ ಸಣ್ಣಗಾಗುತ್ತದೆ. ಎಳೆತ ಮತ್ತು ಕರೆಂಟು ಎರಡೂ ಒಟ್ಟಿಗೆ ಸಿಕ್ಕರೆ ಮಾತ್ರ ಸ್ನಾಯುವಿನ ಗಾತ್ರ ಉಳಿಯುತ್ತದೆ. ಇದ್ದಲ್ಲೇ ಪಳಗಿಸುವುದರ ನಿಜವಾದ ಲಾಭ ಇದು ಎಂದು ನನಗನಿಸುತ್ತದೆ.

ಹಾಗಾದರೆ ಯಾವುದು? ಪ್ರಾಣಿ ಪ್ರಯೋಗದ ಲೆಕ್ಕದಲ್ಲಿ ಕೇಳಿದರೆ ಮೊದಲು ರಕ್ತನಾಳಕ್ಕೆ ಎರಡು ವಾರ ಕೊಟ್ಟು, ಇದ್ದಲ್ಲೇ ಹಗುರ ಕರೆಂಟು ಕೊಟ್ಟು, ಆಮೇಲೆ ಸುತ್ತುವುದೇ ಸರಿ ಅನ್ನುತ್ತೇನೆ. ರೋಗಿಯ ಲೆಕ್ಕದಲ್ಲಿ ಕೇಳಿದರೆ ಎರಡನೇ ಅರಿವಳಿಕೆಯ ಅಪಾಯ ಈ ಲಾಭವನ್ನು ತಿಂದುಹಾಕುವ ಸಾಧ್ಯತೆ ಇದೆ. ಸರ್ಜನ್‌ಗಳು ಒಂದೇ ಆಪರೇಷನ್ ಆರಿಸಿಕೊಂಡಿದ್ದರಲ್ಲಿ ತಪ್ಪು ಕಾಣುವುದಿಲ್ಲ.

ಹಗಲೂ ರಾತ್ರಿ ದುಡಿಸುವುದೋ, ಬಿಡುವು ಕೊಡುವುದೋ?

ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ಸೆಮಿನಾರ್‌ನಲ್ಲಿ ಹತ್ತು ನಿಮಿಷ ಇದ್ದರೆ ಏಳು ನಿಮಿಷ ಇದಕ್ಕೇ ಕೊಡಿ.

ಶುರುವಿನ ದಿನಗಳಲ್ಲಿ ಸುಸ್ತಾಗುವುದೊಂದೇ ಶತ್ರು ಎಂದು ಎಲ್ಲರೂ ನಂಬಿದ್ದರು. ಹಾಗಾಗಿ ದಿನದ ಇಪ್ಪತ್ನಾಲ್ಕು ಗಂಟೆಯೂ ಕರೆಂಟು ಕೊಟ್ಟು, ಸ್ನಾಯುವನ್ನು ಪೂರ್ತಿ ನಿಧಾನದ ಬಗೆಗೆ ತಿರುಗಿಸಿದರು. ಸುಸ್ತು ಹೋಯಿತು. ಜೊತೆಗೆ ಸ್ನಾಯು ತೆಳುವಾಯಿತು, ಬಲ ಇಳಿಯಿತು, ವೇಗ ಇಳಿಯಿತು. ಬಲ ಮತ್ತು ವೇಗ ಸೇರಿದರೆ ಪವರ್. ರಕ್ತವನ್ನು ದೂಡಲು ಬೇಕಾದದ್ದು ಪವರ್. ದಣಿಯದ, ಆದರೆ ದೂಡಲೂ ಆಗದ ಸ್ನಾಯು ಇಟ್ಟುಕೊಂಡು ಹೃದಯಕ್ಕೆ ಏನು ಪ್ರಯೋಜನ?

ವೇಗದ ವಿಷಯ ಸ್ವಲ್ಪ ಬಿಡಿಸಿ ನೋಡೋಣ. ಹೃದಯ ನಿಮಿಷಕ್ಕೆ 100 ಸಲ ಬಡಿಯುತ್ತಿದೆ ಎಂದುಕೊಳ್ಳಿ. ಒಂದು ಬಡಿತಕ್ಕೆ ಸಿಗುವುದು 600 ಮಿಲಿಸೆಕೆಂಡು. ಅದರಲ್ಲಿ ಹೆಚ್ಚೂಕಡಿಮೆ ಅರ್ಧ ಹಿಂಡುವುದಕ್ಕೆ, ಉಳಿದದ್ದು ರಕ್ತ ತುಂಬಿಕೊಳ್ಳುವುದಕ್ಕೆ. ನಿಧಾನವಾದ ಸ್ನಾಯು ಹಿಂಡಿದ ಮೇಲೆ ಬೇಗ ಸಡಿಲಾಗುವುದಿಲ್ಲ. ಹೃದಯ ರಕ್ತ ತುಂಬಿಕೊಳ್ಳಲು ಹಿಗ್ಗುವ ಹೊತ್ತಿಗೆ ಸುತ್ತಲಿನ ಸ್ನಾಯು ಇನ್ನೂ ಬಿಗಿದೇ ಇರುತ್ತದೆ. ಸಹಾಯಕ್ಕೆ ಬಂದವನೇ ಬಾಗಿಲಿಗೆ ಅಡ್ಡ ನಿಂತ ಹಾಗಾಯಿತು. ಬಹಳ ರೋಗಿಗಳಲ್ಲಿ ಪ್ರತಿ ಬಡಿತಕ್ಕೂ ಅಲ್ಲದೆ ಎರಡು ಬಡಿತಕ್ಕೊಮ್ಮೆ ಮಾತ್ರ ಸ್ನಾಯುವನ್ನು ಹಿಂಡಿಸಿದ್ದಕ್ಕೆ ಇದೇ ಕಾರಣ. ಕರೆಂಟು ಯಾವ ಕ್ಷಣಕ್ಕೆ ಶುರುವಾಗಬೇಕು ಅನ್ನುವುದನ್ನು ಎಕೋ (ಹೃದಯದ ಸ್ಕ್ಯಾನ್) ನೋಡುತ್ತಾ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಮುಚ್ಚುವ ಕ್ಷಣಕ್ಕೆ ಹೊಂದಿಸುತ್ತಿದ್ದರು.

ಇಲ್ಲಿಂದ ಎರಡು ತಂಡಗಳ ಕೆಲಸ ನೋಡಬೇಕು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಸಾಮನ್ಸ್ ತಂಡದವರು ಮೊಲದಲ್ಲಿ ಸೆಕೆಂಡಿಗೆ ಹತ್ತು ಪಲ್ಸ್ ಬದಲು ಎರಡೂವರೆಗೆ ಇಳಿಸಿ ನೋಡಿದರು. ಆಗ ಸ್ನಾಯು ಪೂರ್ತಿ ನಿಧಾನದ ಬಗೆಗೆ ಇಳಿಯಲಿಲ್ಲ. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ನಡುವಿನ ಎರಡು-ಎ ನಿಲ್ದಾಣದಲ್ಲೇ ತಿಂಗಳುಗಟ್ಟಲೆ ನಿಂತಿತು. ಅಲ್ಲಿ ಮೈಟೋಕಾಂಡ್ರಿಯಾ ಸಾಕಷ್ಟಿವೆ, ಹಾಗಾಗಿ ಬೇಗ ದಣಿಯದು. ವೇಗವೂ ಬಹಳಷ್ಟು ಉಳಿದಿದೆ. ಹೃದಯಕ್ಕೆ ಬೇಕಾದ ಸ್ನಾಯು ಬಹುಶಃ ಇಂಥದ್ದು.

ಇಟಲಿಯ ಪಾದೊವಾದಲ್ಲಿ ಉಗೋ ಕರಾರೊ ತಂಡದವರು ಬೇರೆ ದಾರಿ ಹಿಡಿದರು. ಪಲ್ಸ್ ಇಳಿಸುವುದಷ್ಟೇ ಅಲ್ಲ, ದಿನದಲ್ಲಿ ಕೆಲವು ಹೊತ್ತು ಸ್ನಾಯುವಿಗೆ ಪೂರ್ತಿ ವಿಶ್ರಾಂತಿ ಕೊಟ್ಟರು. ಮೇಲೆ ಹೇಳಿದ ಹಳೆಯ ಸ್ವಭಾವಕ್ಕೆ ಮರಳುವ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿಡುವಿನಲ್ಲಿ ಸ್ನಾಯು ಸ್ವಲ್ಪ ವೇಗವನ್ನು ವಾಪಸ್ ಗಳಿಸುತ್ತದೆ. ಅವರು ಇನ್ನೊಂದು ಒಳ್ಳೆಯ ಕೆಲಸ ಮಾಡಿದರು, ಸ್ನಾಯುವಿನ ವೇಗವನ್ನು ರೋಗಿಯಲ್ಲೇ, ಕತ್ತರಿಸದೆ ಅಳೆಯುವುದು. ಕರೆಂಟಿನ ಪಲ್ಸ್ ಹತ್ತಿರ ಹತ್ತಿರ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಬಿಡಿಬಿಡಿ ಸೆಳೆತಗಳು ಕೂಡಿಕೊಂಡು ಒಂದೇ ಬಿಗಿತವಾಗುತ್ತವೆ. ನಿಧಾನದ ಸ್ನಾಯುವಿನಲ್ಲಿ ಇದು ಕಡಿಮೆ ಪಲ್ಸ್‌ನಲ್ಲೇ ಆಗುತ್ತದೆ, ವೇಗದ್ದರಲ್ಲಿ ಹೆಚ್ಚು ಪಲ್ಸ್ ಬೇಕು. ಆ ಸಂಖ್ಯೆ ನೋಡಿ ಸ್ನಾಯು ಅತಿಯಾಗಿ ನಿಧಾನವಾಗುತ್ತಿದೆಯೋ ಇಲ್ಲವೋ ಹೇಳಬಹುದು, ಕರೆಂಟನ್ನು ಅದಕ್ಕೆ ತಕ್ಕಂತೆ ತಿದ್ದಬಹುದು.

ನನ್ನ ಒಲವು ಬಿಡುವಿನ ಕಡೆಗೆ, ಅದರಲ್ಲಿ ಮುಚ್ಚುಮರೆ ಇಲ್ಲ. ಬರೀ ಪಲ್ಸ್ ಇಳಿಸುವುದಕ್ಕಿಂತ ಅಳತೆ ಮಾಡಿ ಬಿಡುವು ಕೊಡುವುದು ಮೇಲು, ಯಾಕೆಂದರೆ ಒಂದು ಜಾತಿಯ ಪ್ರಾಣಿಗೆ ಸರಿಹೊಂದಿದ ಪ್ರಮಾಣ ಇನ್ನೊಂದಕ್ಕೆ ಸರಿಹೊಂದುವುದಿಲ್ಲ. ಮೊಲ, ಕುರಿ, ಆಡು, ನಾಯಿ, ಮನುಷ್ಯ, ಒಬ್ಬೊಬ್ಬರ ಸ್ನಾಯು ಒಂದೊಂದು ರೀತಿ ಪ್ರತಿಕ್ರಿಯಿಸುತ್ತದೆ. ಅಳತೆ ಇಲ್ಲದ ವೇಳಾಪಟ್ಟಿ ಕುರುಡು. ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಹಳೆಯ, ಬಿಡುವಿಲ್ಲದ ಕ್ರಮದಲ್ಲಿ ಅನ್ನುವುದು ನೋವಿನ ಸಂಗತಿ.

ಔಷಧಿ ಕೊಟ್ಟು ಸ್ನಾಯುವಿನ ಗಾತ್ರ ಉಳಿಸುವ ಪ್ರಯತ್ನಗಳೂ ಆಗಿವೆ, ಕ್ಲೆನ್‌ಬ್ಯುಟೆರಾಲ್ ಅದರಲ್ಲಿ ಒಂದು. ಇದು ಹೃದಯದ ಬಡಿತವನ್ನೂ ಹೆಚ್ಚಿಸುವ ಔಷಧಿ, ಸೋತ ಹೃದಯದವರಿಗೆ ಇಂಥದ್ದನ್ನು ತಿಂಗಳಾನುಗಟ್ಟಲೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಪಳಗಿಸಿದ ಸ್ನಾಯುವನ್ನು ಎಲ್ಲಿ ಹಚ್ಚುವುದು?

ಹೃದಯಕ್ಕೆ ಸುತ್ತುವುದು ಒಂದು. ಇದರಲ್ಲಿ ಸ್ನಾಯು ರಕ್ತವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ರಕ್ತ ಹೆಪ್ಪುಗಟ್ಟುವ ಭಯವಿಲ್ಲ. ಆದರೆ 1995ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಡೇವಿಡ್ ಕಾಸ್ ಮತ್ತು ಸಂಗಡಿಗರು ಯೋಚಿಸಬೇಕಾದ ಸಂಗತಿ ತೋರಿಸಿದರು. ರೋಗಿಗಳ ಹಿಗ್ಗಿದ ಹೃದಯ ಚಿಕ್ಕದಾಗಿತ್ತು, ಆದರೆ ಅದರ ಬಹುಪಾಲು ಕಾರಣ ಸ್ನಾಯು ಹಿಂಡಿದ್ದಲ್ಲ, ಸುಮ್ನೆ ಸುತ್ತಿಕೊಂಡು ಹಿಗ್ಗದಂತೆ ಹಿಡಿದದ್ದು. ಹಾಗಿದ್ದರೆ ಸ್ನಾಯು ಯಾಕೆ ಬೇಕು ಎಂದು ಜಾಳಿಗೆ ಬಟ್ಟೆಯ ಚೀಲ ಹಾಕುವ ಪ್ರಯತ್ನಗಳೂ ಆದವು. ಅವೂ ನೆಲೆ ನಿಲ್ಲಲಿಲ್ಲ.

ಮಹಾಧಮನಿಗೆ ಸುತ್ತುವುದು ಎರಡನೆಯದು. ಇಲ್ಲಿ ಸ್ನಾಯು ಹಿಂಡಬೇಕಾದದ್ದು ಹೃದಯ ಸಡಿಲಾದಾಗ, ಆಗ ಹೃದಯದ ಸ್ವಂತ ರಕ್ತನಾಳಗಳಿಗೆ ರಕ್ತ ಚೆನ್ನಾಗಿ ನುಗ್ಗುತ್ತದೆ. ಕ್ಯಾಂಟ್ರೋವಿಟ್ಜ್ 1959ರಲ್ಲಿ ಮಾಡಿದ್ದು ಇದನ್ನೇ. ಸ್ನಾಯು ದಣಿದದ್ದು ನೋಡಿದ ಅದೇ ಮನುಷ್ಯ 1960ರ ದಶಕದ ಕೊನೆಗೆ ಮಹಾಧಮನಿಯೊಳಗೆ ಬಲೂನು ಉಬ್ಬಿಸಿ ಇಳಿಸುವ ಪಂಪನ್ನು ರೋಗಿಗಳಲ್ಲಿ ಬಳಸಿದರು. ಆ ಬಲೂನು ಪಂಪು ಇವತ್ತಿಗೂ ಐಸಿಯುಗಳಲ್ಲಿದೆ.

ಮೂರನೆಯದು ನನಗೆ ಬಹಳ ಇಷ್ಟವಾದ ಕಲ್ಪನೆ. ಲ್ಯಾರಿ ಸ್ಟೀಫನ್ಸನ್ ತಂಡದವರು ಸ್ನಾಯುವನ್ನು ಅಚ್ಚಿನ ಸುತ್ತ ಸುತ್ತಿ ಚೀಲದಂಥ ಹೊಸ ಕೋಣೆಯನ್ನೇ ಮಾಡಿದರು. ಇದರಲ್ಲಿ ಪಳಗಿಸುವ ಕೆಲಸ ಪೂರ್ತಿ ಮುಗಿದ ಮೇಲೆಯೇ ರಕ್ತಕ್ಕೆ ಜೋಡಿಸುವುದು. ಅಂದರೆ ಮೊದಲೋ ಆಮೇಲೋ ಎಂಬ ಜಗಳವೇ ಇಲ್ಲ. ನಾಯಿಗಳಲ್ಲಿ ಎರಡು ವರ್ಷ ಮೀರಿ ಕೆಲಸ ಮಾಡಿದ ಉದಾಹರಣೆ ಇದೆ. ಆದರೆ ರಕ್ತ ನೇರ ಒಳಗೆ ಬರುವುದರಿಂದ ಹೆಪ್ಪುಗಟ್ಟುವುದು, ಗೋಡೆ ಉಬ್ಬುವುದು ದೊಡ್ಡ ತಲೆನೋವು. ನಾಲ್ಕನೆಯದು, ಸ್ನಾಯುವಿನ ಎಳೆತವನ್ನು ದ್ರವದ ಒತ್ತಡವಾಗಿ ಬದಲಿಸಿ ಯಂತ್ರದ ಪಂಪು ನಡೆಸುವುದು. ಸ್ನಾಯು ಉದ್ದಕ್ಕೆ ನೇರವಾಗಿ ಎಳೆಯಲು ಹುಟ್ಟಿದ್ದು, ಸುತ್ತಿ ಹಿಂಡಲು ಅಲ್ಲ. ಎಳೆತವೂ ಉಳಿಯುತ್ತದೆ. ಈ ದಾರಿಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್‌ನಲ್ಲಿ ಕೆಲಸ ನಡೆದಿದೆ. ಮುಂದೆ ಏನಾದರೂ ಬೆಳೆದರೆ ಅದು ಇಲ್ಲೇ ಅನ್ನುವುದು ನನ್ನ ನಂಬಿಕೆ.

ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಒಂದು ಮಾತು. ಕುರಿ, ಆಡುಗಳ ಮೇಲೆ ಆಪರೇಷನ್ ಮಾಡುವ ಪ್ರಾಜೆಕ್ಟ್‌ಗೆ ಕೈ ಹಾಕಬೇಡಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ, ಅದರ ಮೇಲೆ ಕೇಂದ್ರದ ಸಮಿತಿ, ಎಲ್ಲ ಒಪ್ಪಿಗೆ ಪಡೆಯುವಷ್ಟರಲ್ಲಿ ನಿಮ್ಮ ಕೋರ್ಸ್ ಮುಗಿದಿರುತ್ತದೆ. ಅದರ ಬದಲು ಮಾಂಸದ ಅಂಗಡಿಯಿಂದ ಆಗಷ್ಟೇ ಕಡಿದ ಕುರಿಯ ದವಡೆಯ ಮ್ಯಾಸೆಟರ್ ಮತ್ತು ಬೆನ್ನಿನ ಸ್ನಾಯುವಿನ ಚೂರು ತನ್ನಿ. ದಿನವಿಡೀ ಮೆಲುಕು ಹಾಕುವ ದವಡೆಯ ಸ್ನಾಯು ಹೆಚ್ಚುಕಡಿಮೆ ಪೂರ್ತಿ ನಿಧಾನದ ಬಗೆಯದು, ಬಣ್ಣದಲ್ಲೇ ಗಾಢ ಕೆಂಪು. ಬೆನ್ನಿನದು ಮಿಶ್ರ. ಎರಡಕ್ಕೂ ಕಿಣ್ವದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ, ಪಳಗಿಸುವ ಮೊದಲು ಮತ್ತು ಆಮೇಲೆ ಸ್ನಾಯು ಹೇಗಿರುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಅಲ್ಲಿನವರ ಸಲಹೆ ಕೇಳಿ. ಫಿಸಿಯೋಥೆರಪಿ ವಿದ್ಯಾರ್ಥಿಗಳಾದರೆ ಆರೋಗ್ಯವಂತ ಗೆಳೆಯರ ತೊಡೆಯ ಸ್ನಾಯುವಿನಲ್ಲಿ ಆ ಸೆಳೆತ ಕೂಡಿಕೊಳ್ಳುವ ಸಂಖ್ಯೆಯನ್ನು ಅಳೆಯಬಹುದು. ಅದಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಗೈಡ್ ಇರಲೇಬೇಕು.

ಮನೆಯಲ್ಲಿ ಸೋತ ಹೃದಯ ಇದ್ದರೆ

ಸ್ನಾಯು ಸುತ್ತುವ ಆಪರೇಷನ್ ಯಾಕೆ ನಿಂತಿತು? ಅಮೆರಿಕದಲ್ಲಿ ಔಷಧಿಯ ಜೊತೆ ಹೋಲಿಸಿ ನೋಡುವ ಪ್ರಯೋಗ ಶುರುವಾಯಿತು. ರೋಗಿಗಳು ಸಾಕಷ್ಟು ಸೇರಲಿಲ್ಲ, ಅರ್ಧಕ್ಕೇ ನಿಂತಿತು. ಓಡಾಟದ ಶಕ್ತಿ ಸುಧಾರಿಸಿದ್ದು ಕಂಡಿತು, ಆಯಸ್ಸು ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ. ಸ್ಟಿಮ್ಯುಲೇಟರ್ ತಯಾರಿಸುವುದೂ ನಿಂತಿತು. ಅದೇ ಹೊತ್ತಿಗೆ ಬೇರೆ ದಾರಿಗಳು ಬಲವಾಗಿ ಬೆಳೆದವು.

ಮೊದಲ ದಾರಿ ಔಷಧಿ, ಇದನ್ನು ದಯವಿಟ್ಟು ಹಗುರವಾಗಿ ನೋಡಬೇಡಿ. ಹೃದಯದ ಪಂಪಿಂಗ್ ಕಡಿಮೆಯಾದವರಿಗೆ ಈಗ ನಾಲ್ಕು ಬಗೆಯ ಮಾತ್ರೆಗಳನ್ನು ಒಟ್ಟಿಗೆ ಕೊಡುತ್ತಾರೆ: ಬೀಟಾ ಬ್ಲಾಕರ್, ಸ್ಪೈರನೋಲ್ಯಾಕ್ಟೋನ್ ತರಹದ್ದು, ರಕ್ತನಾಳ ಸಡಿಲಿಸುವ ಗುಂಪಿನದು, ಮತ್ತು ಡ್ಯಾಪಾಗ್ಲಿಫ್ಲೋಜಿನ್ ತರಹದ್ದು. ನಾಲ್ಕೂ ಆಯಸ್ಸು ಹೆಚ್ಚಿಸುವಂಥವು. "ಆರಾಮ ಅನಸ್ತು, ಗುಳಿಗಿ ಬಿಟ್ಟೆ" ಅನ್ನುವ ಮಾತು ನಮ್ಮ ಕಡೆ ಬಹಳ ಕೇಳುತ್ತೇನೆ. ಆರಾಮ ಆಗಿರುವುದೇ ಆ ಗುಳಿಗೆಯಿಂದ.

ಎರಡನೆಯದು ಹೃದಯದ ಎರಡೂ ಬದಿ ಒಟ್ಟಿಗೆ ಹಿಂಡುವಂತೆ ಮಾಡುವ ವಿಶೇಷ ಪೇಸ್‌ಮೇಕರ್, ಸಿಆರ್‌ಟಿ ಎನ್ನುತ್ತಾರೆ. ಇದು ಎಲ್ಲರಿಗಲ್ಲ. ಔಷಧಿ ಕೊಟ್ಟ ಮೇಲೂ ಪಂಪಿಂಗ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) 35 ಶೇಕಡಾಕ್ಕಿಂತ ಮೇಲೇರದೆ, ಇಸಿಜಿಯಲ್ಲಿ ಎಡಗಡೆಯ ಬಂಡಲ್ ಬ್ಲಾಕ್ (ಹೃದಯದ ಎಡಬದಿಗೆ ವಿದ್ಯುತ್ ಸಂಕೇತ ತಡವಾಗಿ ಮುಟ್ಟುವುದು) ಇದ್ದು, ಆ ಸಂಕೇತ ಹರಡಲು ಹಿಡಿಯುವ ಹೊತ್ತನ್ನು ತೋರಿಸುವ ಕ್ಯೂಆರ್‌ಎಸ್ ಅಗಲ 150 ಮಿಲಿಸೆಕೆಂಡು ದಾಟಿದವರಿಗೆ ಲಾಭ ಹೆಚ್ಚು. ಡಾಕ್ಟರ್ ಹತ್ತಿರ ಹೋದಾಗ ನೇರ ಕೇಳಿ: "ನಮ್ಮ ತಂದೆಯ ಇಸಿಜಿಯಲ್ಲಿ ಕ್ಯೂಆರ್‌ಎಸ್ ಎಷ್ಟಿದೆ?" ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಬೀದರ್, ಯಾದಗಿರಿಯವರೂ ಹೈದರಾಬಾದ್ ಅಥವಾ ಸೊಲ್ಲಾಪುರದ ಬಸ್ಸು ಹತ್ತುವ ಮೊದಲು ಇಲ್ಲಿ ಒಮ್ಮೆ ತೋರಿಸಬಹುದು.

ಮೂರನೆಯದು ಎದೆಯೊಳಗೆ ಕೂಡಿಸುವ ಯಂತ್ರದ ಪಂಪು, ಎಲ್‌ವಿಎಡಿ. ಬೆನ್ನಿನ ಸ್ನಾಯುವಿನ ಜಾಗವನ್ನು ಹಿಡಿದುಕೊಂಡದ್ದು ಇದೇ. 2001ರಲ್ಲಿ ಹೊರಬಂದ ರೀಮ್ಯಾಚ್ ಪ್ರಯೋಗದಲ್ಲಿ 129 ಜನರಿದ್ದರು, ಎಲ್ಲರೂ ಕೊನೆಯ ಹಂತದವರು. ಒಂದು ವರ್ಷದ ಹೊತ್ತಿಗೆ ಪಂಪು ಹಾಕಿದವರಲ್ಲಿ 52 ಶೇಕಡಾ, ಬರೀ ಔಷಧಿಯಲ್ಲಿದ್ದವರಲ್ಲಿ 25 ಶೇಕಡಾ ಬದುಕಿದ್ದರು. ಆಮೇಲಿನ ಪಂಪುಗಳು ಇನ್ನೂ ಸುಧಾರಿಸಿವೆ. ಆದರೆ ಹೊಟ್ಟೆಯ ಚರ್ಮದಿಂದ ಒಂದು ವೈರು ಹೊರಗೆ ಬರುತ್ತದೆ, ಅದರ ಸುತ್ತ ಕೀವಾಗದಂತೆ ದಿನವೂ ನೋಡಿಕೊಳ್ಳಬೇಕು. ಬ್ಯಾಟರಿ ಚಾರ್ಜ್ ಇರಲೇಬೇಕು, ಊರಲ್ಲಿ ಕರೆಂಟು ಹೋದರೂ. ರಕ್ತ ತೆಳು ಮಾಡುವ ಮಾತ್ರೆ, ಅದಕ್ಕೆ ಪದೇ ಪದೇ ರಕ್ತ ಪರೀಕ್ಷೆ. ಖರ್ಚು ಬಹುಪಾಲು ಮನೆಗಳ ಕೈಗೆ ಎಟುಕದ್ದು. ಇವನ್ನೆಲ್ಲ ಮೊದಲೇ ಕೂತು ಮಾತಾಡಿ.

ನಾಲ್ಕನೆಯದು ಹೃದಯ ಕಸಿ. ದೇಶದಲ್ಲಿ ಇದು ಮೊದಲು ಯಶಸ್ವಿಯಾದದ್ದು 1994ರಲ್ಲಿ, ದೆಹಲಿಯ ಏಮ್ಸ್‌ನಲ್ಲಿ. ತೆಗೆದ ಹೃದಯ ಸುಮಾರು 4 ಗಂಟೆಯೊಳಗೆ ಹೊಸ ಎದೆಯಲ್ಲಿ ಬಡಿಯಬೇಕು, ಹಾಗಾಗಿ ಸರದಿಯಲ್ಲಿರುವವರು ಕಸಿ ಕೇಂದ್ರದ ಹತ್ತಿರ ಇರಬೇಕಾಗುತ್ತದೆ. ಕರ್ನಾಟಕದಲ್ಲಿ ಇದರ ನೋಂದಣಿ ಜೀವಸಾರ್ಥಕತೆ ಸಂಸ್ಥೆಯ ಮೂಲಕ. ವಯಸ್ಸು ಕಡಿಮೆ ಇದ್ದು, ಉಳಿದ ಅಂಗಗಳು ಚೆನ್ನಾಗಿದ್ದರೆ ಎಲ್ಲಕ್ಕಿಂತ ಗಟ್ಟಿಯಾದ ಆಯ್ಕೆ ಇದೇ.

ಇನ್ನೊಂದು ದಾರಿ ಇದೆ, ಅದಕ್ಕೆ ಹಣ ಬೇಡ. ಸೋತ ಹೃದಯದವರಲ್ಲಿ ಕೈಕಾಲಿನ ಸ್ನಾಯುಗಳೂ ಕೆಡುತ್ತವೆ. ನಿಧಾನದ, ದಣಿಯದ ಎಳೆಗಳು ಕಡಿಮೆಯಾಗಿ ಬೇಗ ದಣಿಯುವ ಎಳೆಗಳು ಹೆಚ್ಚುತ್ತವೆ. ನಾಲ್ಕು ಮೆಟ್ಟಿಲಿಗೇ ಏದುಸಿರು ಬರುವುದಕ್ಕೆ ಹೃದಯದ ಜೊತೆ ಇದೂ ಕಾರಣ. ಈ ಸ್ನಾಯುಗಳನ್ನು ಪಳಗಿಸಲು ಕತ್ತರಿಯೂ ಬೇಡ, ಯಂತ್ರವೂ ಬೇಡ, ನಡಿಗೆ ಸಾಕು. 2009ರಲ್ಲಿ ಹೊರಬಂದ ಎಚ್‌ಎಫ್ ಆಕ್ಷನ್ ಪ್ರಯೋಗದಲ್ಲಿ 2,331 ರೋಗಿಗಳಿದ್ದರು. ಮೇಲ್ವಿಚಾರಣೆಯಲ್ಲಿ ಶುರು ಮಾಡಿದ ವ್ಯಾಯಾಮ ಸುರಕ್ಷಿತ ಎಂದು ಅದು ತೋರಿಸಿತು, ಬದುಕಿನ ಗುಣಮಟ್ಟವೂ ಸ್ವಲ್ಪ ಸುಧಾರಿಸಿತು. ನಡೆಯಲೂ ಆಗದವರಿಗೆ ತೊಡೆಯ ಮೇಲೆ ಪ್ಯಾಡ್ ಇಟ್ಟು ಹಗುರ ಕರೆಂಟು ಕೊಡುವ ಚಿಕಿತ್ಸೆಯೂ ಇದೆ. ಆದರೆ ಪೇಸ್‌ಮೇಕರ್ ಇದ್ದವರು ಹೃದ್ರೋಗ ತಜ್ಞರನ್ನು ಕೇಳದೆ ಅದರ ಹತ್ತಿರ ಹೋಗಬಾರದು.

ಡಾಕ್ಟರ್ ಒಪ್ಪಿದ ಮೇಲೆ ಹೀಗೆ ಶುರು ಮಾಡಿ. ಮೊದಲ ವಾರ ಮನೆ ಮುಂದಿನ ಬೀದಿಯಲ್ಲಿ ಐದು ನಿಮಿಷ, ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ. ಮಾತು ತುಂಡಾದರೆ ನಿಲ್ಲಿ. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ವಾರದಲ್ಲಿ ಒಂದೆರಡು ದಿನ ಬಿಡುವು ಇರಲಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಆ ತಿಂಗಳುಗಳಲ್ಲಿ ಬಿಸಿಲು ಏರುವ ಮೊದಲೇ ಮುಗಿಸಿ. ಮೂತ್ರದ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ಎಷ್ಟು ನೀರು ಕುಡಿಯಬೇಕು ಎಂದು ಡಾಕ್ಟರನ್ನೇ ಕೇಳಿ, ಅಂದಾಜಿಗೆ ಬಿಡಬೇಡಿ. ರೊಟ್ಟಿಯ ಜೊತೆ ಉಪ್ಪಿನಕಾಯಿ, ಉಪ್ಪು ಜಾಸ್ತಿ ಹಾಕಿದ ಶೇಂಗಾ ಹಿಂಡಿ ಕಡಿಮೆ ಮಾಡಿ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಕಾಲು ಊದಿದರೆ, ಅಥವಾ ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವಂತಾದರೆ ನಡಿಗೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.